ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿರುವಾಗ ಅಮ್ಮನ ಹಲ್ಲು ಕೀಳಿಸಬಹುದೇ?

ಪ್ರಶ್ನೆ: ಅಮ್ಮನಿಗೆ 63 ವರ್ಷ. ಶುಗರ್ ಮತ್ತು ಬಿಪಿ ಎರಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಎಂಟು ತಿಂಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ನಡೆಯುತ್ತಿವೆ. ಕೆಳಗಿನ ಬಲಗಡೆಯ ದವಡೆ ಹಲ್ಲು ಹುಳುಕಾಗಿ ಮುರಿದು, ಬೇರು ಮಾತ್ರ ಉಳಿದಿದೆ. ಎರಡು ಸಲ ಕೆನ್ನೆ ಊದಿತ್ತು. ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ಕೊಟ್ಟಾಗ ಇಳಿಯಿತು. ಡೆಂಟಿಸ್ಟ್ ಕೀಳಲೇಬೇಕು ಅಂದಿದ್ದಾರೆ. ರಕ್ತ ತೆಳು ಮಾಡುವ ಮಾತ್ರೆ ಒಂದು ವಾರ ನಿಲ್ಲಿಸಿ ಕೀಳಿಸಿ ಅಂತ ನೆಂಟರೊಬ್ಬರು ಹೇಳುತ್ತಾರೆ. ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತೆ ಅಂತ ಅಮ್ಮನಿಗೆ ಹೆದರಿಕೆ. ಅವರಿಗೆ ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸವೂ ಇದೆ. ಏನು ಮಾಡಲಿ? (ತಿಪಟೂರಿನ ಓದುಗರು)

ಉತ್ತರ: ಮೊದಲು ಮುಖ್ಯವಾದದ್ದು. ಆ ಎರಡು ಮಾತ್ರೆಗಳಲ್ಲಿ ಒಂದನ್ನೂ ನೀವಾಗಿ ನಿಲ್ಲಿಸಬೇಡಿ. ಒಂದು ದಿನವೂ ಬೇಡ. ನೆಂಟರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಹಿಂದೆ ಎಷ್ಟೋ ವೈದ್ಯರೂ ಹಾಗೇ ಹೇಳುತ್ತಿದ್ದರು. ಆದರೆ ನಿಮ್ಮ ಅಮ್ಮನ ವಿಷಯದಲ್ಲಿ ಈ ಸಲಹೆ ಪ್ರಾಣಕ್ಕೇ ಅಪಾಯ ತರಬಹುದು.

ಯಾಕೆ ಅಂತ ಹೇಳುತ್ತೇನೆ. ಸ್ಟೆಂಟ್ ಅಂದರೆ ರಕ್ತನಾಳದ ಒಳಗೆ ಕೂರಿಸಿದ ಲೋಹದ ಜಾಲರಿ. ಅದರ ಮೇಲೆ ನಾಳದ ಒಳಪದರ ಪೂರ್ತಿ ಬೆಳೆದು ಮುಚ್ಚಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಆ ಜಾಲರಿಯ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವುದು ಇವೇ ಎರಡು ಮಾತ್ರೆ. ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಗಟ್ಟಿಯಾಗಿ ಹೃದಯಾಘಾತ ಆಗಬಹುದು. 2007ರಲ್ಲೇ ಅಮೆರಿಕದ ಹೃದ್ರೋಗ ಸಂಘಟನೆಗಳು ಮತ್ತು ಅಲ್ಲಿನ ದಂತವೈದ್ಯರ ಸಂಘ ಒಟ್ಟಿಗೆ ಕೂತು ಈ ಬಗ್ಗೆ ಎಚ್ಚರಿಕೆ ಕೊಟ್ಟವು. ಸ್ಟೆಂಟ್ ಹಾಕಿಸಿಕೊಂಡವರ ಮಾತ್ರೆಯನ್ನು ಅವಧಿಗೆ ಮೊದಲೇ ನಿಲ್ಲಿಸಬೇಡಿ, ಹಲ್ಲಿನ ಚಿಕಿತ್ಸೆಗಾಗಿಯೂ ನಿಲ್ಲಿಸಬೇಡಿ ಎಂದವು. ಇವತ್ತಿಗೂ ದಂತವೈದ್ಯರು ಪಾಲಿಸುವ ನಿಯಮ ಅದೇ.

ಎರಡು ಕಡೆ ತೂಗಿ ನೋಡಿ. ಮಾತ್ರೆ ಮುಂದುವರಿಸಿದರೆ ಹಲ್ಲು ಕಿತ್ತ ಜಾಗದಲ್ಲಿ ರಕ್ತ ನಿಲ್ಲಲು ಸ್ವಲ್ಪ ಜಾಸ್ತಿ ಹೊತ್ತು ಬೇಕಾಗುತ್ತದೆ, ಅಷ್ಟೆ. ಆ ಜಾಗ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ. ಒತ್ತಿ ಹಿಡಿಯಬಹುದು, ಹೊಲಿಗೆ ಹಾಕಬಹುದು, ರಕ್ತ ಹೆಪ್ಪುಗಟ್ಟಿಸುವ ಜೆಲಟಿನ್ ಸ್ಪಂಜನ್ನು ಗುಳಿಯೊಳಗೆ ಇಡಬಹುದು. ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಮ್ಲದಲ್ಲಿ ಅದ್ದಿದ ಗಾಜ್ ಬಟ್ಟೆ ಕಚ್ಚಿಸಬಹುದು. ಹೃದಯದ ನಾಳದೊಳಗೆ ಹೆಪ್ಪುಗಟ್ಟಿದ ರಕ್ತಕ್ಕೆ ಹೀಗೆ ಸುಲಭವಾಗಿ ಕೈ ಹಾಕಲು ಆಗುವುದಿಲ್ಲ.

ಹಾಗಂತ ಹೃದಯದ ವೈದ್ಯರಿಗೆ ತಿಳಿಸದೆ ಕೀಳಿಸಿ ಅಂತಲೂ ನಾನು ಹೇಳುತ್ತಿಲ್ಲ. ಸ್ಟೆಂಟ್ ಹಾಕಿದ ವೈದ್ಯರಿಗೆ ಒಂದು ಮಾತು ತಿಳಿಸಿ, 'ಮಾತ್ರೆ ಮುಂದುವರಿಸಿಕೊಂಡೇ ಹಲ್ಲು ಕೀಳಬಹುದು' ಅಂತ ಒಂದು ಚೀಟಿ ಬರೆಸಿಕೊಳ್ಳಿ. ಆ ಚೀಟಿ ನಿಮ್ಮ ಡೆಂಟಿಸ್ಟರಿಗೂ ಧೈರ್ಯ. ಇನ್ನೊಂದು ವಿಷಯ, ಇದನ್ನು ಓದುವ ಬೇರೆಯವರಿಗಾಗಿ. ವಾರ್ಫರಿನ್ ಅಥವಾ ಅಸಿಟ್ರೋಮ್ ಅನ್ನುವ ಬೇರೆ ಬಗೆಯ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರ ಲೆಕ್ಕವೇ ಬೇರೆ. ಅವರು ಕೀಳಿಸುವ ಹಿಂದಿನ ದಿನ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ತೋರಿಸುವ ಐಎನ್‌ಆರ್ ಪರೀಕ್ಷೆ ಮಾಡಿಸಿ ಅದರ ಅಂಕಿ ನೋಡಿ ಮುಂದುವರಿಯಬೇಕು. ಅಪಿಕ್ಸಬಾನ್, ರಿವರಾಕ್ಸಬಾನ್, ಡಾಬಿಗಟ್ರಾನ್ ತರಹದ ಹೊಸ ಮಾತ್ರೆಗಳಲ್ಲಿ ಕೆಲವೊಮ್ಮೆ ಆ ದಿನ ಬೆಳಗಿನ ಡೋಸ್ ಮಾತ್ರ ಬಿಡಿಸುತ್ತಾರೆ ಅಥವಾ ತಡಮಾಡಿಸುತ್ತಾರೆ. ಅದನ್ನೂ ವೈದ್ಯರೇ ಹೇಳಬೇಕು.

ಇನ್ನು ಕೀಳಿಸುವುದನ್ನು ಮುಂದೂಡಬಹುದಾ? ನನ್ನ ಅಭಿಪ್ರಾಯ ಬೇಡ ಅಂತಲೇ. ಎರಡು ಸಲ ಕೆನ್ನೆ ಊದಿದೆ ಅಂದಿದ್ದೀರಿ. ಮಾತ್ರೆಗೆ ಬಾವು ಇಳಿದದ್ದು ನಿಜ. ಆದರೆ ಆ ಬೇರಿನ ಒಳಗಿನ ನರ, ರಕ್ತನಾಳ ಎಲ್ಲ ಸತ್ತುಹೋಗಿವೆ. ರಕ್ತವೇ ಹೋಗದ ಕಡೆಗೆ ಆಂಟಿಬಯೋಟಿಕ್ ಹೇಗೆ ಹೋಗುತ್ತದೆ? ಸುತ್ತಲಿನ ಮಾಂಸದಲ್ಲಿ ಹರಡಿದ ಸೋಂಕನ್ನು ಅದು ತಗ್ಗಿಸುತ್ತದೆ. ಬೇರಿನೊಳಗೆ ಕೂತ ಕ್ರಿಮಿಗಳು ಅಲ್ಲೇ ಇರುತ್ತವೆ. ಹಾಗಾಗಿ ಮೂರನೇ ಸಲ ಊದೇ ಊದುತ್ತದೆ. ಮೆಡಿಕಲ್‌ನವರು ಕೊಟ್ಟ ಅರ್ಧಂಬರ್ಧ ಕೋರ್ಸ್ ನುಂಗುತ್ತಾ ಹೋದರೆ ಕ್ರಿಮಿಗಳು ಆ ಔಷಧಿಗೆ ಬಗ್ಗದ ಹಾಗೂ ಆಗುತ್ತವೆ.

ಕೆಳದವಡೆಯ ಹಿಂದಿನ ಹಲ್ಲುಗಳ ಕೀವಿಗೆ ಇನ್ನೊಂದು ಕೆಟ್ಟ ದಾರಿ ಇದೆ. ಅವುಗಳ ಬೇರಿನ ತುದಿ ನಾಲಿಗೆಯ ಕೆಳಗಿನ, ಗದ್ದದ ಅಡಿಯ ಸಡಿಲ ಜಾಗಕ್ಕೆ ಬಹಳ ಹತ್ತಿರ. ಅಲ್ಲಿಗೆ ಕೀವು ಇಳಿದರೆ ಎರಡೂ ಕಡೆ ಗದ್ದದ ಕೆಳಗೆ ಹಲಗೆಯಂತೆ ಗಟ್ಟಿಯಾಗಿ ಊದುತ್ತದೆ, ನಾಲಿಗೆ ಮೇಲಕ್ಕೆ ಎದ್ದು ಬರುತ್ತದೆ, ಎಂಜಲು ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಿನ ದಾರಿಯೇ ಕಟ್ಟುತ್ತದೆ. 1836ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯರ ಹೆಸರಿನಲ್ಲಿ ಇದನ್ನು ಲುಡ್ವಿಗ್ಸ್ ಆಂಜೈನಾ ಅನ್ನುತ್ತಾರೆ. ಶುಗರ್ ಇರುವವರಲ್ಲಿ ಸೋಂಕು ಹೀಗೆ ಹರಡುವುದು ಜಾಸ್ತಿ, ಬೇಗ ಕೂಡ. ಅಮ್ಮನಿಗೆ ಯಾವತ್ತಾದರೂ ಬಾವಿನ ಜೊತೆ ಜ್ವರ, ನುಂಗಲು ಕಷ್ಟ, ಬಾಯಿ ತೆರೆಯಲು ಆಗದಿರುವುದು, ದನಿ ಬದಲಾಗುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.

ರೂಟ್ ಕೆನಾಲ್ ಮಾಡಿಸಿ ಉಳಿಸಿಕೊಳ್ಳಬಹುದಲ್ಲ ಅಂತ ಯಾರಾದರೂ ಕೇಳಬಹುದು. ಉಳಿಸಬಹುದಾದ ಹಲ್ಲನ್ನು ಕೀಳಲು ನನಗೂ ಇಷ್ಟವಿಲ್ಲ. ಆದರೆ ಕ್ಯಾಪ್ ಕೂರಿಸಲು ವಸಡಿನ ಮೇಲೆ ಗಟ್ಟಿ ಹಲ್ಲು ಸ್ವಲ್ಪವಾದರೂ ಇರಬೇಕು. ನೀವು ಹೇಳಿದ ಸ್ಥಿತಿಯಲ್ಲಿ ಬೇರು ಮಾತ್ರ ಇದೆ. ಎಕ್ಸ್-ರೇ ನೋಡಿದ ನಿಮ್ಮ ಡೆಂಟಿಸ್ಟ್ ಕೀಳಬೇಕು ಅಂದಿದ್ದರೆ ಅದು ಸರಿಯಾದ ಮಾತೇ.

ಕಣ್ಣಿನ ಹೆದರಿಕೆಗೆ ಬರೋಣ. ಅಮ್ಮ ಒಬ್ಬರೇ ಅಲ್ಲ, ಹಳ್ಳಿ ಪೇಟೆ ಅನ್ನದೆ ಎಲ್ಲ ಕಡೆ ಈ ಮಾತು ಇದೆ. ನೋಟಕ್ಕೆ ಒಂದು ನರ, ಹಲ್ಲಿಗೆ ಇನ್ನೊಂದು. ಕಣ್ಣು ಕಂಡದ್ದನ್ನು ಮಿದುಳಿಗೆ ಒಯ್ಯುವ ನರ ಕಣ್ಣುಗುಡ್ಡೆಯ ಹಿಂದಿನಿಂದ ನೇರ ಒಳಗೆ ಹೋಗುತ್ತದೆ. ಹಲ್ಲಿನ ನೋವು ಒಯ್ಯುವುದು ಮುಖದ ಸ್ಪರ್ಶದ ನರದ ಕವಲುಗಳು. ಹಲ್ಲು ನೋವು ಬಂದಾಗ ಕಣ್ಣು, ಕಿವಿ, ಹಣೆ ಎಲ್ಲ ಸಿಡಿಯುತ್ತದೆ ಅಲ್ವಾ, ಅದು ಆ ಕವಲುಗಳೆಲ್ಲ ಒಂದೇ ಬುಡದಿಂದ ಬಂದಿರುವುದರಿಂದ. ಅದರಿಂದಲೇ ಈ ನಂಬಿಕೆ ಹುಟ್ಟಿರಬೇಕು. ಜೊತೆಗೆ ಹಲ್ಲು ಕೀಳಿಸುವ ವಯಸ್ಸು, ಕಣ್ಣಿಗೆ ಪೊರೆ ಬರುವ ವಯಸ್ಸು ಎರಡೂ ಒಂದೇ. ಅಮ್ಮನಿಗೆ ಶುಗರ್ ಇರುವುದರಿಂದ ಕಣ್ಣಿನ ಪರದೆಗೆ ನಿಜವಾಗಿಯೂ ತೊಂದರೆ ಆಗಬಹುದು. ಆದರೆ ಅದು ಶುಗರಿನಿಂದ, ಹಲ್ಲಿನಿಂದಲ್ಲ. ವರ್ಷಕ್ಕೊಮ್ಮೆ ಕಣ್ಣು ತೋರಿಸುತ್ತಿಲ್ಲವಾದರೆ ತೋರಿಸಿ. ಕೀಳಿಸುವ ಮೊದಲೇ ಒಮ್ಮೆ ತೋರಿಸಿದರೆ ಅಮ್ಮನ ಮನಸ್ಸಿಗೂ ಸಮಾಧಾನ, ಆಮೇಲೆ ಹಲ್ಲಿನ ಮೇಲೆ ತಪ್ಪು ಹೊರಿಸುವ ಪ್ರಸಂಗವೂ ಬರುವುದಿಲ್ಲ.

ದಿನ ಗೊತ್ತು ಮಾಡುವಾಗ ಬೆಳಗಿನ ಹೊತ್ತು ಕೇಳಿ. ಸೋಮವಾರವೋ ಮಂಗಳವಾರವೋ ಆದರೆ ಒಳ್ಳೆಯದು. ರಾತ್ರಿ ರಕ್ತ ಬಂದರೆ ಮಾರನೆಯ ದಿನ ಕ್ಲಿನಿಕ್ ತೆರೆದಿರುತ್ತದೆ. ಶನಿವಾರ ಸಂಜೆ ಕೀಳಿಸಿಕೊಂಡು ಭಾನುವಾರ ಬಾಗಿಲು ಬಡಿಯುವ ಪಾಡು ಬೇಡ. ಆಪರೇಷನ್ ಅಂದುಕೊಂಡು ಬಹಳ ಜನ ಬರೀ ಹೊಟ್ಟೆಯಲ್ಲಿ ಬರುತ್ತಾರೆ. ಶುಗರ್ ಇರುವವರಿಗೆ ಇದು ದೊಡ್ಡ ತಪ್ಪು. ಅಮ್ಮ ತಿಂಡಿ ತಿಂದು, ಶುಗರ್ ಮಾತ್ರೆ, ಬಿಪಿ ಮಾತ್ರೆ, ಹೃದಯದ ಮಾತ್ರೆ ಎಲ್ಲ ಎಂದಿನಂತೆ ನುಂಗಿಯೇ ಬರಬೇಕು. ಅವರ ಎಲ್ಲ ಮಾತ್ರೆಗಳ ಶೀಟುಗಳನ್ನು ಒಂದು ಕವರಿನಲ್ಲಿ ಹಾಕಿ ತನ್ನಿ. 'ಬಿಳಿ ಚಿಕ್ಕ ಮಾತ್ರೆ' ಅಂದರೆ ದಂತವೈದ್ಯರಾದ ನಮಗೆ ಏನೂ ತಿಳಿಯುವುದಿಲ್ಲ.

ಆ ದಿನ ಬಿಪಿ 180/110 ದಾಟಿದ್ದರೆ ನಾವು ಮುಂದೂಡುತ್ತೇವೆ. ಶುಗರ್ ಬಹಳ ಏರಿದ್ದರೆ ಮೊದಲು ಅದನ್ನು ಇಳಿಸಿಕೊಂಡು ಬನ್ನಿ ಅನ್ನುತ್ತೇವೆ. ಆದರೆ ಒಂದು ತೊಡಕಿದೆ. ಕೀವು ಕೂತ ಬೇರು ಬಾಯಲ್ಲಿ ಇರುವ ತನಕ ಶುಗರ್ ಇಳಿಯುವುದೂ ಕಷ್ಟ. ಸೋಂಕು ಶುಗರನ್ನು ಏರಿಸುತ್ತದೆ, ಏರಿದ ಶುಗರ್ ಸೋಂಕನ್ನು ಬೆಳೆಸುತ್ತದೆ. ಆದ್ದರಿಂದ ಅಂಕಿ ಪೂರ್ತಿ ಸರಿಹೋಗಲಿ ಅಂತ ತಿಂಗಳುಗಟ್ಟಲೆ ಕಾಯುವುದೂ ಸರಿಯಲ್ಲ. ನಿಮ್ಮ ಶುಗರ್ ವೈದ್ಯರೂ ಡೆಂಟಿಸ್ಟರೂ ಫೋನಿನಲ್ಲಿ ಮಾತಾಡಿಕೊಂಡರೆ ಇದು ಐದು ನಿಮಿಷದಲ್ಲಿ ಬಗೆಹರಿಯುತ್ತದೆ.

ಕೇಳದಿದ್ದರೂ ಡೆಂಟಿಸ್ಟರಿಗೆ ಹೇಳಲೇಬೇಕಾದ ಇನ್ನೆರಡು ಸಂಗತಿ. ಅಮ್ಮನಿಗೆ ಮೂಳೆ ಸವೆತಕ್ಕೆ ಅಂತ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಅಥವಾ ವರ್ಷಕ್ಕೊಂದು ಝೋಲೆಡ್ರೊನಿಕ್ ಇಂಜೆಕ್ಷನ್ ಕೊಟ್ಟಿದ್ದಾರಾ? ಈ ಔಷಧಿ ತೆಗೆದುಕೊಂಡ ಕೆಲವರಲ್ಲಿ ಹಲ್ಲು ಕಿತ್ತ ಜಾಗದ ಮೂಳೆ ಮಾಯದೆ ಸತ್ತುಹೋಗುತ್ತದೆ. ಅಪರೂಪ, ಆದರೆ ಆದಾಗ ತುಂಬ ಕಷ್ಟ. ಹಾಗೇ ಯಾವಾಗಲಾದರೂ ಕುತ್ತಿಗೆ, ಬಾಯಿಯ ಭಾಗಕ್ಕೆ ರೇಡಿಯೇಷನ್ ಕೊಟ್ಟಿದ್ದರೆ ಅದನ್ನೂ ಮುಚ್ಚಿಡಬೇಡಿ. ಎಷ್ಟು ವರ್ಷ ಹಿಂದಿನದಾದರೂ ಸರಿ.

ಕುರ್ಚಿಯಲ್ಲಿ ಏನಾಗುತ್ತದೆ ಅಂತ ಅಮ್ಮನಿಗೆ ಮೊದಲೇ ಹೇಳಿ. ಗೊತ್ತಿದ್ದರೆ ಅರ್ಧ ಹೆದರಿಕೆ ಕಡಿಮೆ. ಮರಗಟ್ಟಿಸಲು ನಾವು ಕೊಡುವುದು ಲಿಗ್ನೊಕೇನ್. ಕೆಳಗಿನ ದವಡೆ ಹಲ್ಲಿಗೆ ಇಂಜೆಕ್ಷನ್ ಹಲ್ಲಿನ ಪಕ್ಕದಲ್ಲಿ ಕೊಡುವುದಿಲ್ಲ. ಬಾಯಿಯ ಹಿಂದೆ, ದವಡೆ ಮೂಳೆಯೊಳಗೆ ನರ ನುಸುಳುವ ಜಾಗದ ಹತ್ತಿರ ಕೊಡುತ್ತೇವೆ. ಐದು ನಿಮಿಷದಲ್ಲಿ ಕೆಳತುಟಿಯ ಬಲ ಅರ್ಧ ದಪ್ಪಗಾದ ಹಾಗೆ, ಜೋಮು ಹಿಡಿದ ಹಾಗೆ ಆಗುತ್ತದೆ. ನಾಲಿಗೆಯ ಒಂದು ಪಕ್ಕವೂ ಅಷ್ಟೆ. ತುಟಿ ಜೋಮು ಹಿಡಿಯದಿದ್ದರೆ ಅಮ್ಮ ಬಾಯಿಬಿಟ್ಟು ಹೇಳಬೇಕು. ಸಂಕೋಚದಿಂದ ಸುಮ್ನೆ ತಲೆ ಆಡಿಸಬಾರದು. ಕೀವು ತುಂಬಿ ಊದಿರುವಾಗ ಈ ಔಷಧಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಸೋಂಕಿನ ಜಾಗದಲ್ಲಿ ಆಮ್ಲ ಜಾಸ್ತಿ ಇರುವುದೇ ಕಾರಣ. ಊತ ಇಳಿದಿರುವ ಈಗಲೇ ಕೀಳಿಸಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಆ ಔಷಧಿಯಲ್ಲಿ ಚೂರು ಅಡ್ರಿನಲಿನ್ ಬೆರೆಸಿರುತ್ತಾರೆ. ರಕ್ತ ಕಡಿಮೆ ಸುರಿಯಲಿ, ಮರಗಟ್ಟಿದ್ದು ಹೆಚ್ಚು ಹೊತ್ತು ಇರಲಿ ಅಂತ. ಹೃದಯದ ತೊಂದರೆ ಇರುವವರಿಗೆ ಪ್ರಮಾಣ ಕಡಿಮೆ ಇಟ್ಟು, ಸೂಜಿ ರಕ್ತನಾಳದಲ್ಲಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ನಿಧಾನವಾಗಿ ಕೊಡುತ್ತೇವೆ. ಅಡ್ರಿನಲಿನ್ ಹೆದರಿಕೆಯಿಂದ ಮರಗಟ್ಟಿಸುವುದನ್ನೇ ಅರೆಬರೆ ಮಾಡಿದರೆ ನೋವಿಗೆ ಅಮ್ಮನ ದೇಹವೇ ಅದಕ್ಕಿಂತ ಜಾಸ್ತಿ ಅಡ್ರಿನಲಿನ್ ಸುರಿಸುತ್ತದೆ. ಚೆನ್ನಾಗಿ ಮರಗಟ್ಟುವುದೇ ಹೃದಯಕ್ಕೂ ಕ್ಷೇಮ.

ಹಲ್ಲು ಮೂಳೆಗೆ ನೇರ ಅಂಟಿಕೊಂಡಿರುವುದಿಲ್ಲ. ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ಸಣ್ಣ ಸಣ್ಣ ನಾರುಗಳಿರುತ್ತವೆ. ಕೀಳುವಾಗ ನಾವು ಆ ನಾರುಗಳನ್ನು ಬಿಡಿಸುತ್ತೇವೆ, ಸುತ್ತಲಿನ ಮೂಳೆಯ ಗೂಡನ್ನು ಸ್ವಲ್ಪ ಹಿಗ್ಗಿಸುತ್ತೇವೆ. ನೆಲದಲ್ಲಿ ಹೂತ ಗೂಟವನ್ನು ಅತ್ತ ಇತ್ತ ಅಲ್ಲಾಡಿಸಿ ಸಡಿಲ ಮಾಡಿ ತೆಗೆಯುವುದಿಲ್ಲವೇ, ಹಾಗೆ. ಬಲ ಹಾಕಿ ಜಗ್ಗುವುದು ಅಲ್ಲವೇ ಅಲ್ಲ. ಅಮ್ಮನ ಹಲ್ಲಿನ ಮೇಲ್ಭಾಗ ಹೋಗಿರುವುದರಿಂದ ಇಕ್ಕಳಕ್ಕೆ ಹಿಡಿತ ಸಿಗಲಿಕ್ಕಿಲ್ಲ. ಎಲಿವೇಟರ್ ಅನ್ನುವ ತೆಳುವಾದ ಮೀಟುಗೋಲನ್ನು ಬೇರಿಗೂ ಮೂಳೆಗೂ ನಡುವೆ ತೂರಿಸಿ ನಿಧಾನ ತಿರುಗಿಸುತ್ತಾರೆ. ಕೆಳಗಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು. ಎರಡೂ ಒಟ್ಟಿಗೆ ಬಾರದಿದ್ದರೆ ಡ್ರಿಲ್ಲಿನಿಂದ ನಡುವೆ ಸೀಳಿ ಒಂದೊಂದಾಗಿ ತೆಗೆಯುತ್ತಾರೆ. ಆಗ ಕಿರ್ರ್ ಅನ್ನುವ ಸದ್ದು, ಕೆಲವೊಮ್ಮೆ ಮುರಿದ ಹಾಗೆ ಚಟ್ ಅನ್ನುವ ಸದ್ದು ಕಿವಿಯೊಳಗೇ ಕೇಳುತ್ತದೆ. ಅದು ದವಡೆ ಮುರಿದದ್ದಲ್ಲ. ಒತ್ತಡ ಗೊತ್ತಾಗುತ್ತದೆ, ನೋವು ಗೊತ್ತಾಗಬಾರದು. ಈ ವ್ಯತ್ಯಾಸ ಅಮ್ಮನಿಗೆ ತಿಳಿಸಿ ಹೇಳಿ. ಒತ್ತಡವನ್ನೇ ನೋವು ಅಂದುಕೊಂಡು ಹೆದರುವವರು ಬಹಳ.

ಈಗ ಇಡೀ ಚಿಕಿತ್ಸೆಯಲ್ಲಿ ನಾನು ಅತಿ ಮುಖ್ಯ ಅಂದುಕೊಳ್ಳುವ ಭಾಗ. ಹಲ್ಲು ಹೊರಗೆ ಬಂದ ಮೇಲೆ ಗುಳಿ ತುಂಬ ರಕ್ತ ಬಂದು ಕಡುಕೆಂಪು ಲೋಳೆಯ ಹಾಗೆ ಗಟ್ಟಿಯಾಗುತ್ತದೆ. ಗಾಯ ಮಾಯುವುದು ಆ ಹೆಪ್ಪಿನಿಂದಲೇ. ಅದರ ಮೇಲೆಯೇ ಹೊಸ ಮಾಂಸ, ಆಮೇಲೆ ಹೊಸ ಮೂಳೆ ಬೆಳೆಯಬೇಕು. ನಾವು ಹೇಳುವ ಅಷ್ಟೂ ಪಥ್ಯ ಆ ಹೆಪ್ಪನ್ನು ಜಾಗದಲ್ಲಿ ಉಳಿಸಿಕೊಳ್ಳಲು.

ಗಾಜ್ ಬಟ್ಟೆಯನ್ನು ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿರಬೇಕು. ಮಧ್ಯೆ ಮಧ್ಯೆ ತೆಗೆದು ನೋಡಬಾರದು. ಎಂಜಲನ್ನು ಉಗಿಯದೆ ನುಂಗಬೇಕು. ನಮ್ಮ ಜನಕ್ಕೆ ಇದೇ ಕಷ್ಟ, ರಕ್ತದ ರುಚಿ ಬಂದ ಕೂಡಲೇ ಬಚ್ಚಲಿಗೆ ಓಡುತ್ತಾರೆ. ಉಗಿದಷ್ಟೂ ಹೆಪ್ಪು ಎದ್ದು ಬರುತ್ತದೆ, ರಕ್ತ ಮತ್ತೆ ಶುರು. ಆ ದಿನ ಬಾಯಿ ಮುಕ್ಕಳಿಸುವುದೂ ಬೇಡ. ಎಳನೀರು ಒಳ್ಳೆಯದೇ, ಆದರೆ ಸ್ಟ್ರಾ ಹಾಕಿ ಹೀರಬಾರದು, ಲೋಟಕ್ಕೆ ಬಗ್ಗಿಸಿ ಕುಡಿಯಲಿ. ಬಿಸಿ ಕಾಫಿ, ಬಿಸಿ ಸಾರು ಒಂದು ದಿನ ಬಿಡಲಿ. ಎಲ್ಲರಿಗೂ ಐಸ್‌ಕ್ರೀಮ್ ತಿನ್ನಿ ಅನ್ನುತ್ತಾರೆ, ಅಮ್ಮನಿಗೆ ಶುಗರ್ ಇರುವುದರಿಂದ ತಣ್ಣಗಿನ ಮೊಸರನ್ನ, ಆರಿದ ರಾಗಿ ಗಂಜಿ ಸಾಕು. ಇದನ್ನು ಮರೆಯದೆ ತಿನ್ನಿಸಿ. ಬಾಯಿ ಜೋಮು ಅಂತ ಮಧ್ಯಾಹ್ನದ ಊಟ ಬಿಟ್ಟರೆ, ಬೆಳಿಗ್ಗೆ ನುಂಗಿದ ಮಾತ್ರೆಗೆ ಶುಗರ್ ಇಳಿದು ಬೆವರಿ ತಲೆ ಸುತ್ತುತ್ತದೆ. ಜೋಮು ಬಿಡಲು ಮೂರ್ನಾಲ್ಕು ಗಂಟೆ ಬೇಕು. ಅಲ್ಲಿಯವರೆಗೆ ಎಡಗಡೆಯಿಂದ ಮೆತ್ತಗಿನದ್ದನ್ನು ತಿನ್ನಲಿ, ತುಟಿ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳಿ.

ಎರಡು ಮಾತ್ರೆ ನಡೆಯುತ್ತಿರುವುದರಿಂದ ಸಂಜೆವರೆಗೂ ಎಂಜಲು ಗುಲಾಬಿ ಬಣ್ಣದಲ್ಲೇ ಇರಬಹುದು. ಎರಡು ಹನಿ ರಕ್ತ ಎಂಜಲಿಗೆ ಬೆರೆತರೂ ಬಾಯಿ ತುಂಬ ರಕ್ತ ಅನ್ನಿಸುತ್ತದೆ, ಗಾಬರಿ ಬೇಡ. ಕೆಂಪಗೆ ತುಂಬಿ ಬರುತ್ತಿದ್ದರೆ ಶುಭ್ರ ಗಾಜ್ ಬಟ್ಟೆಯನ್ನು ದಪ್ಪಗೆ ಮಡಿಸಿ, ಸರಿಯಾಗಿ ಗುಳಿಯ ಮೇಲೆಯೇ ಇಟ್ಟು ಅರ್ಧ ಗಂಟೆ ಕಚ್ಚಿಸಿ. ಹಾಗೆ ಎರಡು ಸಲ ಮಾಡಿಯೂ ನಿಲ್ಲದಿದ್ದರೆ ಡೆಂಟಿಸ್ಟರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಆಸ್ಪತ್ರೆಗೆ ಹೋಗಿ.

ನೋವಿಗೆ ಪ್ಯಾರಸಿಟಮಾಲ್ ಸಾಕು. ಜೋಮು ಬಿಡುವ ಮೊದಲೇ ಮೊದಲ ಮಾತ್ರೆ ಕೊಟ್ಟರೆ ಒಳ್ಳೆಯದು. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆ ಅಂಗಡಿಯಿಂದ ತಂದು ಕೊಡಬೇಡಿ. ಆಸ್ಪಿರಿನ್ ಜೊತೆ ಅವು ಹೊಟ್ಟೆಯಲ್ಲಿ ರಕ್ತ ಬರಿಸಬಹುದು, ಶುಗರ್ ಇರುವವರ ಕಿಡ್ನಿಗೂ ಭಾರ. ಮಾತ್ರೆಯನ್ನಾಗಲಿ, ಕರ್ಪೂರವನ್ನಾಗಲಿ ಹಲ್ಲಿನ ಪಕ್ಕ ಒತ್ತಿ ಇಡುವ ಅಭ್ಯಾಸ ಇದ್ದರೆ ಅದನ್ನೂ ಬಿಡಿಸಿ. ಅದು ವಸಡನ್ನು ಸುಡುತ್ತದೆ, ಬೆಳ್ಳಗೆ ಸಿಪ್ಪೆ ಎದ್ದು ಬರುತ್ತದೆ.

ಮಾರನೆಯ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ಊಟದ ನಂತರ ಬಾಯಲ್ಲಿ ಇಟ್ಟುಕೊಂಡು ಮೆಲ್ಲಗೆ ಚೆಲ್ಲಲಿ. ಎರಡು ಮೂರು ದಿನ ಸಾಧಾರಣ ನೋವು ಇದ್ದು ಕಡಿಮೆಯಾಗುತ್ತಾ ಹೋಗಬೇಕು. ಹಾಗಾಗದೆ, ಕಡಿಮೆಯಾದ ನೋವು ಮೂರನೇ ದಿನದ ಹೊತ್ತಿಗೆ ಮತ್ತೆ ಏರಿ, ಕಿವಿಯವರೆಗೆ ಸಿಡಿಯುತ್ತಾ, ಬಾಯಿ ವಾಸನೆ ಬರುತ್ತಿದ್ದರೆ ಹೆಪ್ಪು ಕಳಚಿ ಮೂಳೆ ಬರಿದಾಗಿದೆ ಅಂತ ಅರ್ಥ. ಡ್ರೈ ಸಾಕೆಟ್ ಅನ್ನುವುದು ಇದಕ್ಕೇ. ಅದಕ್ಕೆ ಆಂಟಿಬಯೋಟಿಕ್ ಮದ್ದಲ್ಲ. ಡೆಂಟಿಸ್ಟ್ ಗುಳಿ ತೊಳೆದು ಲವಂಗದೆಣ್ಣೆ ಬೆರೆತ ಔಷಧಿ ತುಂಬಿದರೆ ಬೇಗ ಆರಾಮ ಸಿಗುತ್ತದೆ.

ಇಲ್ಲಿಗೆ ಹೊಗೆಸೊಪ್ಪಿನ ಮಾತು ಬರುತ್ತದೆ. ತಂಬಾಕಿನ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಗಾಯ ನಿಧಾನವಾಗಿ ಮಾಯುತ್ತದೆ. ಅಡಿಕೆ ಚೂರು ಗುಳಿಯೊಳಗೆ ಸಿಕ್ಕಿಕೊಂಡರೆ ಹೆಪ್ಪೂ ಹಾಳು. ಗಾಯ ಮಾಯುವವರೆಗಾದರೂ ಅಮ್ಮ ಎಲೆ ಅಡಿಕೆ ಮುಟ್ಟಬಾರದು. ಆಮೇಲೂ ಬಿಟ್ಟರೆ ನನಗೆ ಇನ್ನೂ ಸಂತೋಷ. ತುಮಕೂರು ಸೀಮೆಯಲ್ಲಿ ಅಡಿಕೆ ಬೆಳೆಯುವ ಮನೆಗಳಿಗೆ ಈ ಮಾತು ಕಹಿ ಅಂತ ಗೊತ್ತು. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತು ಎಂದೇ ಗುರುತಿಸಿದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅಮ್ಮ ಬಾಯಿ ಪೂರ್ತಿ ತೆರೆದಾಗ ಅವರದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಹೋಗಬೇಕು. ಎರಡೇ ಹೋದರೆ ಅಡಿಕೆಯಿಂದ ಕೆನ್ನೆಯ ಒಳಭಾಗ ಬಿಗಿಯಾಗಿರಬಹುದು. ಇದನ್ನು ಡೆಂಟಿಸ್ಟರಿಗೆ ಮೊದಲೇ ತಿಳಿಸಿ, ಬಾಯಿ ತೆರೆಯದಿದ್ದರೆ ಬೇರು ತೆಗೆಯುವುದೂ ಕಷ್ಟ. ಕೀಳುವ ದಿನವೇ ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ ನೋಡಿ ಅಂತ ಕೇಳಿ. ಹಲ್ಲು ಕಿತ್ತ ಗುಳಿಯ ಮೇಲೆ ಮೂರು ನಾಲ್ಕು ವಾರದಲ್ಲಿ ವಸಡು ಮುಚ್ಚಿಕೊಳ್ಳಬೇಕು. ಆಗಲೂ ಹುಣ್ಣಾಗಿಯೇ ಇದ್ದರೆ, ಮಾಂಸ ಬೆಳೆದು ಉಬ್ಬಿದ್ದರೆ, ಶುಗರ್ ಇದೆ ಅದಕ್ಕೆ ಮಾಯಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಚೂರು ತೆಗೆದು ಬಯಾಪ್ಸಿ ಮಾಡಿಸಲೇಬೇಕು.

ಎಲ್ಲಿ ಕೀಳಿಸಬೇಕು ಅಂದರೆ, ನೋಂದಾಯಿತ ದಂತವೈದ್ಯರ ಹತ್ತಿರ ಮಾತ್ರ. ಕಾನೂನಿನ ಪ್ರಕಾರ ಅವರ ಹೆಸರು ದಂತವೈದ್ಯರಾಗಿ ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು. ಅಮ್ಮನಿಗೆ ಇರುವ ತೊಂದರೆಗಳನ್ನು ನೋಡಿ ನಿಮ್ಮ ಡೆಂಟಿಸ್ಟ್ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಕರನ್ನು ಕರೆಸುತ್ತೇನೆ ಅಂದರೆ, ಅಥವಾ ಆಸ್ಪತ್ರೆಗೆ ಹೋಗಿ ಅಂದರೆ ಒಪ್ಪಿಕೊಳ್ಳಿ. ಬೆಂಗಳೂರಿನ ಕೋಟೆ ಹತ್ತಿರದ ಸರ್ಕಾರಿ ದಂತ ಕಾಲೇಜಿನಂಥ ಕಡೆ ಇಂಥವರನ್ನು ನೋಡಿ ರೂಢಿ ಇದೆ, ಖರ್ಚೂ ಕಡಿಮೆ.

ಕೊನೆಗೆ ಖಾಲಿ ಜಾಗದ ವಿಷಯ. ಹಾಗೇ ಬಿಟ್ಟರೆ ಪಕ್ಕದ ಹಲ್ಲು ವಾಲುತ್ತದೆ, ಮೇಲಿನ ಹಲ್ಲು ಕೆಳಕ್ಕೆ ಇಳಿಯುತ್ತದೆ. ಆದರೆ ಅವಸರ ಬೇಡ. ಗುಳಿಯಲ್ಲಿ ಮೂಳೆ ತುಂಬಲು ಮೂರರಿಂದ ಆರು ತಿಂಗಳು ಬೇಕು. ಅಷ್ಟರಲ್ಲಿ ಸ್ಟೆಂಟ್ ಹಾಕಿ ಸುಮಾರು ಒಂದು ವರ್ಷವೂ ಆಗುತ್ತಾ ಬರುತ್ತದೆ, ಹೃದಯದ ವೈದ್ಯರು ಒಂದು ಮಾತ್ರೆ ಕಡಿಮೆ ಮಾಡುವ ಸಾಧ್ಯತೆಯೂ ಇದೆ. ಪಕ್ಕದ ಹಲ್ಲುಗಳ ಆಧಾರದ ಮೇಲೆ ಕೂರಿಸುವ ಬ್ರಿಡ್ಜ್ ಬೇಕಾ, ಮೂಳೆಯೊಳಗೆ ಕೂರಿಸುವ ಇಂಪ್ಲಾಂಟ್ ಬೇಕಾ, ತೆಗೆದು ಹಾಕುವ ಹಲ್ಲು ಸಾಕಾ ಅನ್ನುವುದನ್ನು ಆಗ ಹೊಸ ಎಕ್ಸ್-ರೇ, ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿ ಎರಡನ್ನೂ ಇಟ್ಟುಕೊಂಡು ತೀರ್ಮಾನ ಮಾಡಬಹುದು.